ಪ್ಯಾಕೆಟ್ಟಿನ ಲೆಕ್ಕ, ಷೇರಿನ ಲೆಕ್ಕ

ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನೆಟ್‌ವರ್ಕಿಂಗ್ ಪಾಠ ಮಾಡುವ ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: ‘ಈಥರ್ನೆಟ್ ದಟ್ಟಣೆಯ ಪ್ರಬಂಧದಲ್ಲೂ ಷೇರು ಬೆಲೆಯ ಪ್ರಬಂಧದಲ್ಲೂ ವಾಲ್ಟರ್ ವಿಲಿಂಗರ್ ಎಂಬ ಹೆಸರಿದೆ. ಇಬ್ಬರೂ ಒಬ್ಬರೇನಾ? ಹಾಗಿದ್ದರೆ ಕ್ಷೇತ್ರ ಬದಲಿಸಿದ್ದೇಕೆ? ನಮ್ಮ ವಿದ್ಯಾರ್ಥಿಗಳು ಅದೇ ವಿಧಾನದಿಂದ ಷೇರು ಬೆಲೆ ನೋಡಬಹುದೇ?’

ಸಂಪಾದಕರ ಉತ್ತರ:

ಒಬ್ಬರೇ. ಜ್ಯೂರಿಕ್‌ನ ಇಟಿಎಚ್‌ನಲ್ಲಿ ಗಣಿತ ಓದಿ, ಕಾರ್ನೆಲ್‌ನಲ್ಲಿ ಆಪರೇಷನ್ಸ್ ರಿಸರ್ಚ್‌ನಲ್ಲಿ ಪಿಎಚ್.ಡಿ. ಪಡೆದವರು. ಷೇರು ಮಾರುಕಟ್ಟೆಯ ಗಣಿತದಲ್ಲಿ ಸಂಖ್ಯಾಶಾಸ್ತ್ರಜ್ಞ ಮುರಾದ್ ತಕ್ಕು ಜೊತೆ ಬರೆದದ್ದೇ ಮೊದಲು. ಅಮೆರಿಕದ ದೂರವಾಣಿ ಕಂಪನಿಗಳ ಸಂಶೋಧನಾ ಸಂಸ್ಥೆ ಬೆಲ್‌ಕೋರ್ ಸೇರಿದ ಮೇಲೆ ನೆಟ್‌ವರ್ಕ್ ಬಂತು. ತಕ್ಕು ಅವರ ಗುರು, ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1963ರಲ್ಲೇ ಹತ್ತಿಯ ಬೆಲೆಯ ಏರಿಳಿತ ಅಳೆದಿದ್ದರು. ಆದ್ದರಿಂದ ಕ್ಷೇತ್ರ ಬದಲಾಯಿತು ಎನ್ನುವುದಕ್ಕಿಂತ, ಒಂದೇ ಪ್ರಶ್ನೆ ಎರಡು ಕಡೆ ಎದುರಾಯಿತು ಎಂದರೆ ಸರಿ: ಏರಿಳಿಯುವ ಸರಣಿಯೊಂದನ್ನು ಸರಾಸರಿ ಮಾಡುತ್ತ ಹೋದರೆ ಏರಿಳಿತ ಎಷ್ಟು ಬೇಗ ಸಾಯುತ್ತದೆ?

ಲೆಲೆಂಡ್, ತಕ್ಕು, ವಿಲಿಂಗರ್, ವಿಲ್ಸನ್ ನಾಲ್ವರ ಈಥರ್ನೆಟ್ (ಕಚೇರಿಯ ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಜಾಲ) ಪ್ರಬಂಧ 1993ರಲ್ಲಿ ಮಂಡನೆಯಾಗಿ 1994ರಲ್ಲಿ ವಿಸ್ತೃತವಾಗಿ ಅಚ್ಚಾಯಿತು. 1989ರಿಂದ 1992ರವರೆಗೆ ಬೆಲ್‌ಕೋರ್‌ನಲ್ಲಿ ಹಿಡಿದಿಟ್ಟ ಕೋಟಿಗಟ್ಟಲೆ ಪ್ಯಾಕೆಟ್‌ಗಳೇ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕುಗಳೇ) ಅದರ ಸಾಮಗ್ರಿ. ಪ್ಯಾಕೆಟ್‌ಗಳು ಪಾಯ್ಸಾನ್ ಲೆಕ್ಕದಂತೆ, ಅಂದರೆ ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತಿದ್ದರೆ, 100 ಎಣಿಕೆಗಳ ಸರಾಸರಿ ತೆಗೆದಾಗ ವೇರಿಯನ್ಸ್ (ಏರಿಳಿತದ ಅಳತೆ) ನೂರರಲ್ಲೊಂದು ಪಾಲಿಗೆ ಇಳಿಯಬೇಕು. ಹಿಂದಿನ ಏರಿಳಿತದ ನೆನಪು ಸರಣಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಹೇಳುವ ಹರ್ಸ್ಟ್ ಘಾತ ಎಚ್ (ನೆನಪಿಲ್ಲದಿದ್ದರೆ 0.5) 0.8 ಆಗಿದ್ದರೆ ಆರರಲ್ಲೊಂದು ಪಾಲಿಗಷ್ಟೇ ಇಳಿಯುತ್ತದೆ. ಅವರಿಗೆ ಸಿಕ್ಕ ಎಚ್ ಹೆಚ್ಚಾಗಿ 0.8 – 0.9ರ ಸುತ್ತ. (ಹರ್ಸ್ಟ್ ನೈಲ್ ನದಿಯ ಜಲತಜ್ಞ, ಆತನ ಪ್ರಬಂಧ 1951ರದ್ದು.)

ಇದರ ಹೊಡೆತ ಬೀಳುವುದು ಬಫರಿಗೆ, ಅಂದರೆ ಪ್ಯಾಕೆಟ್‌ಗಳು ಸರದಿಗಾಗಿ ಕಾಯುವ ಜಾಗಕ್ಕೆ. ಪ್ಯಾಕೆಟ್ ನಷ್ಟವನ್ನು ಸಾವಿರಕ್ಕೊಂದರಿಂದ ಹತ್ತು ಲಕ್ಷಕ್ಕೊಂದಕ್ಕೆ ಇಳಿಸಬೇಕೆನ್ನಿ. ಹಳೆಯ ಪಾಯ್ಸಾನ್ ಲೆಕ್ಕದಲ್ಲಿ ಬಫರ್ ಸುಮಾರು ಇಮ್ಮಡಿ ಮಾಡಿದರೆ ಸಾಕು. ಎಚ್ 0.8 ಆದಾಗ ಫಿನ್ಲೆಂಡಿನ ಗಣಿತಜ್ಞ ನೊರೋಸ್ ಅವರ ಸೂತ್ರದ ಪ್ರಕಾರ ಐದೂವರೆ ಪಟ್ಟಿಗೂ ಮೀರಿ ಬೇಕು; ಅಷ್ಟು ದೊಡ್ಡ ಬಫರ್ ಇಟ್ಟರೆ ವಿಳಂಬ ಸಹಿಸಲಾಗದಷ್ಟಾಗುತ್ತದೆ.

ಕಾರಣವೂ ಸಿಕ್ಕಿತು. ಒಂದೊಂದು ಯಂತ್ರವೂ ಕೆಲ ಹೊತ್ತು ಕಳಿಸುತ್ತದೆ, ಕೆಲ ಹೊತ್ತು ಸುಮ್ಮನಿರುತ್ತದೆ. ಈ ಅವಧಿಗಳ ವಿತರಣೆಗೆ ಭಾರದ ಬಾಲವಿದ್ದು (ಅತಿ ದೀರ್ಘ ಅವಧಿಗಳೂ ಆಗಾಗ ಬರುತ್ತಿದ್ದು) ಅದರ ಘಾತ ಆಲ್ಫಾ 1 ಮತ್ತು 2ರ ನಡುವೆ ಇದ್ದರೆ, ಅಂಥ ಅನೇಕ ಯಂತ್ರಗಳು ಕೂಡಿದಾಗ ಎಚ್ = (3 – ಆಲ್ಫಾ)/2. ಆಲ್ಫಾ 1.4 ಇದ್ದರೆ ಎಚ್ 0.8. ನಮ್ಮ ಮಟ್ಟಿಗೆ ಆ ಇಡೀ ಕೆಲಸದ ಹಿರಿಮೆ ಇಲ್ಲಿದೆ. ಬರೀ ವಕ್ರರೇಖೆ ಹೊಂದಿಸಿ ಕೈತೊಳೆದುಕೊಳ್ಳಲಿಲ್ಲ.

ಷೇರಿನ ಕಡೆ ಅಂಥ ಕಾರಣ ಕೈಗೆ ಸಿಕ್ಕಿಲ್ಲ. ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಲೋ 1991ರಲ್ಲಿ, ಎಚ್ ಅಳೆಯಲು ಬಳಸುವ ಹರ್ಸ್ಟ್‌ನ ಆರ್/ಎಸ್ ಪರೀಕ್ಷೆಯನ್ನು ತಿದ್ದಿ, ಅಮೆರಿಕದ ಷೇರು ಗಳಿಕೆಯಲ್ಲಿ ದೀರ್ಘ ನೆನಪಿಗೆ (ಎಚ್ 0.5ಕ್ಕಿಂತ ಹೆಚ್ಚಿರುವುದಕ್ಕೆ) ಪುರಾವೆ ಇಲ್ಲ ಎಂದರು. ವಿಲಿಂಗರ್, ತಕ್ಕು, ಟೆವೆರೋವ್‌ಸ್ಕಿ 1999ರಲ್ಲಿ ಆ ಪರೀಕ್ಷೆಯನ್ನೇ ಪರೀಕ್ಷಿಸಿದರು. ಅದರಲ್ಲಿ ಎಷ್ಟು ದಿನ ಹಿಂದಿನವರೆಗಿನ ಸಂಬಂಧವನ್ನು ಲೆಕ್ಕಕ್ಕೆ ಹಿಡಿದು ಸರಿಪಡಿಸಬೇಕೆಂಬ ಕ್ಯೂ ಎಂಬ ಮಿತಿಯನ್ನು ನಾವೇ ಆರಿಸಬೇಕು. ಅದನ್ನು ದೊಡ್ಡದಿಟ್ಟರೆ, ಕೃತಕವಾಗಿ ದೀರ್ಘ ನೆನಪು ತುಂಬಿ ಮಾಡಿದ ಸರಣಿಗೂ ‘ನೆನಪಿಲ್ಲ’ ಎಂಬ ಉತ್ತರ ಬರುತ್ತದೆ. ಆದರೂ ಅವರಿಗೆ ಷೇರಿನಲ್ಲಿ ಸಿಕ್ಕ ಎಚ್ 0.6ರ ಆಸುಪಾಸು ಮಾತ್ರ. ಅದು ನಿರ್ಣಾಯಕವಲ್ಲ ಎಂದು ಅವರೇ ಬರೆದರು. ಗಳಿಕೆಯ ಸೂತ್ರ ಹುಡುಕಿ ಬರುವವರು ಈ ಸಾಲು ಓದುವುದೇ ಇಲ್ಲ.

ವಿದ್ಯಾರ್ಥಿಗಳಿಗೆ ಮೊದಲು ನೆಟ್‌ವರ್ಕ್ ಕೊಡಿ. ಕಾಲೇಜಿನ ಅನುಮತಿ ಪಡೆದು, ದಟ್ಟಣೆ ಸಮವಾಗಿರುವ ಒಂದು ಗಂಟೆಯನ್ನು ವೈರ್‌ಶಾರ್ಕ್ ಎಂಬ ಪ್ಯಾಕೆಟ್ ಹಿಡಿಯುವ ತಂತ್ರಾಂಶದಲ್ಲಿ ದಾಖಲಿಸಲಿ. ಹೆಡರ್ (ಪ್ಯಾಕೆಟ್ಟಿನ ವಿಳಾಸದ ಭಾಗ) ಸಾಕು, ಒಳಗಿನ ವಿಷಯ ಬೇಡ. 10 ಮಿಲಿಸೆಕೆಂಡಿನ ತುಂಡು ಮಾಡಿದರೆ 3,60,000 ಎಣಿಕೆ ಸಿಗುತ್ತವೆ. ಅವನ್ನು 10, 30, 100, 300, 1000ರ ಗುಂಪು ಮಾಡಿ ಸರಾಸರಿ ತೆಗೆದು, ಆ ಸರಾಸರಿಗಳ ವೇರಿಯನ್ಸನ್ನು ಲಾಗ್–ಲಾಗ್ ಹಾಳೆಯಲ್ಲಿ ಗುರುತಿಸಿ. ಇಳಿಜಾರು –1 ಬಂದರೆ ಎಚ್ 0.5, –0.4 ಬಂದರೆ 0.8. ಊಟದ ವೇಳೆ ನಡುವೆ ಬಂದರೆ ದಟ್ಟಣೆಯ ಮಟ್ಟವೇ ಜಾರಿ, ಇಲ್ಲದ ನೆನಪು ಕಾಣುತ್ತದೆ. ಗಂಟೆಯನ್ನು ನಾಲ್ಕು ಪಾಲು ಮಾಡಿ ಸರಾಸರಿ ಹೋಲಿಸಿದರೆ ಅದು ಬಯಲಾಗುತ್ತದೆ.

ಆಮೇಲೆ ಷೇರು. ಬೆಲೆಯನ್ನೇ ಹಾಕಿದರೆ ಎಚ್ 1ರ ಹತ್ತಿರ ಬರುತ್ತದೆ, ಅದಕ್ಕೆ ಅರ್ಥವಿಲ್ಲ. ದಿನದ ಲಾಗ್ ಗಳಿಕೆ (ಇಂದಿನ ಬೆಲೆಯ ಲಾಗ್‌ನಿಂದ ಹಿಂದಿನ ದಿನದ ಬೆಲೆಯ ಲಾಗ್ ಕಳೆದದ್ದು) ತೆಗೆದುಕೊಳ್ಳಿ. ಬೋನಸ್ ಷೇರು, ಮುಖಬೆಲೆ ವಿಭಜನೆಗೆ ಸರಿಪಡಿಸಿದ ಬೆಲೆಯೇ ಬೇಕು. ಒಂದಕ್ಕೊಂದು ಬೋನಸ್ ಕೊಟ್ಟ ದಿನ ಬೆಲೆ ಅರ್ಧವಾಗುವುದು ನಷ್ಟವಲ್ಲ. 20 ವರ್ಷಕ್ಕೆ ಸಿಗುವುದು ಸುಮಾರು 5,000 ದಿನ, ಅಷ್ಟರಲ್ಲಿ 0.5ನ್ನೂ 0.6ನ್ನೂ ಬೇರ್ಪಡಿಸುವುದು ಕಷ್ಟ. ಗಳಿಕೆಯ ಚಿಹ್ನೆ ತೆಗೆದು ಗಾತ್ರ ಮಾತ್ರ ನೋಡಿದರೆ ನೆನಪು ಎದ್ದು ಕಾಣುತ್ತದೆ, ಆದರೆ ಬೆಲೆ ಏರುವುದೋ ಇಳಿಯುವುದೋ ಎಂಬುದನ್ನು ಅದು ಹೇಳದು.

ಕೊನೆಗೆ ಅದೇ 5,000 ಗಳಿಕೆಗಳ ಕ್ರಮವನ್ನು ಕಲಸಿ, ಅದೇ ಪ್ರೋಗ್ರಾಮಿಗೆ ನೂರಾರು ಸಲ ಕೊಡಿಸಿ. ಆಗಲೂ 0.6ರ ಸುತ್ತ ಬರುತ್ತಿದ್ದರೆ ಆ ಸಂಖ್ಯೆ ವಿಧಾನದ್ದು, ಮಾರುಕಟ್ಟೆಯದಲ್ಲ. ಸಣ್ಣ ಸರಣಿಗಳಲ್ಲಿ ಆರ್/ಎಸ್ ಹೀಗೆ ಮೇಲಕ್ಕೆ ವಾಲುವುದುಂಟು.