ಕೊಲೆ ಕಥೆಗೆ ನಾಲ್ಕು ಪುಟ ಯಾಕೆ?

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ: ‘ಕಳೆದ ಸಂಚಿಕೆಯಲ್ಲಿ ಜಾನ್-ಪಾಟ್ರಿಕ್ ಮಾನ್‌ಶೆಟ್ ಎಂಬ ಫ್ರೆಂಚ್ ಪತ್ತೇದಾರಿ ಲೇಖಕನಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಕುತೂಹಲಕ್ಕೆ ಮಗನಿಂದ ಅವನ “ತ್ರೀ ಟು ಕಿಲ್” ತರಿಸಿ ಓದಿದೆ. ಬರೀ ಗುಂಡು, ರಕ್ತ, ಕಾರು, ಕುಡಿತ. ಒಂದು ಪಾತ್ರಕ್ಕೂ ಮನಸ್ಸು ಅನ್ನೋದೇ ಇಲ್ಲ. ಇದು ಸಾಹಿತ್ಯವೇ? ನಿಮ್ಮ ಪತ್ರಿಕೆಯಲ್ಲಿ ಜಾಗ ಅಷ್ಟು ಅಗ್ಗವಾಯಿತೇ?’

ಮೇಷ್ಟ್ರೇ, ನಮಸ್ಕಾರ.

ಪುಸ್ತಕ ಓದಿ ಆಮೇಲೆ ಬೈದಿದ್ದೀರಿ. ನಮಗೆ ಬರುವ ಬೈಗುಳದಲ್ಲಿ ಓದದೇ ಬೈದದ್ದೇ ಜಾಸ್ತಿ. ಹಾಗಾಗಿ ನಿಮಗೆ ಉದ್ದ ಉತ್ತರ ಬರೆಯಲೇಬೇಕು.

ನಿಮ್ಮ ಪಾಲಿನ ನ್ಯಾಯವನ್ನು ಮೊದಲೇ ಕೊಟ್ಟುಬಿಡುತ್ತೇನೆ. ರಕ್ತ ಇದೆ, ಸುಳ್ಳಲ್ಲ. ಬಂದೂಕು ಬಂದರೆ ಅದರ ಕಂಪನಿ, ಮಾಡೆಲ್ಲು ಹೇಳದೆ ಮಾನ್‌ಶೆಟ್ ಮುಂದೆ ಹೋಗುವವನಲ್ಲ. ಹೊಟ್ಟೆಪಾಡಿಗೆ ಗೀಚಿದ್ದೂ ಉಂಟು. ಟಿ.ವಿ. ಧಾರಾವಾಹಿಗಳನ್ನು ಪುಸ್ತಕ ಮಾಡಿಕೊಟ್ಟ, ಅಗ್ಗದ ಸಿನಿಮಾಗಳಿಗೂ ಬರೆದ. ಒಪ್ಪಿದೆ. ಆದರೆ ‘ಮನಸ್ಸೇ ಇಲ್ಲ’ ಅಂದಿರಲ್ಲ, ಅಲ್ಲಿ ನನ್ನ ತಕರಾರು. ಮೂವತ್ತೈದು ವರ್ಷ ಮಕ್ಕಳ ಮುಖ ನೋಡಿಯೇ ಯಾರು ಹೋಂವರ್ಕ್ ಮಾಡಿಲ್ಲ ಅಂತ ಹೇಳುತ್ತಿದ್ದವರು ನೀವು. ಪುಸ್ತಕದಲ್ಲಿ ಮಾತ್ರ ಪಾತ್ರದ ಮನಸ್ಸನ್ನು ಲೇಖಕನೇ ಬಿಡಿಸಿ ಹೇಳಬೇಕು ಅಂತ ಕಾಯುತ್ತೀರಲ್ಲ, ಇದೆಂಥ ಸೋಮಾರಿತನ?

ಆ ಸಮುದ್ರದ ದೃಶ್ಯ ನೆನಪಿದೆ ಅಲ್ವಾ? ಜಾರ್ಜ್ ಗೆರ್ಫೋ ಒಂದು ದೊಡ್ಡ ಕಂಪನಿಯ ಅಧಿಕಾರಿ. ರಾತ್ರಿ ರಸ್ತೆಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಆಸ್ಪತ್ರೆಗೆ ಸೇರಿಸಿದ್ದೇ ಅವನು ಮಾಡಿದ ತಪ್ಪು. ಆಮೇಲೆ ಹೆಂಡತಿ, ಮಕ್ಕಳ ಜೊತೆ ಸೇಂಟ್-ಜಾರ್ಜ್-ದ-ದಿದೋನ್ ಎಂಬ ಕಡಲೂರಿಗೆ ರಜೆಗೆ ಹೋಗುತ್ತಾನೆ. ನೀರಿಗಿಳಿದಿದ್ದಾನೆ. ಸುತ್ತ ಜನವೋ ಜನ. ಈಜುಡುಗೆ ತೊಟ್ಟ ಇಬ್ಬರು ಪಕ್ಕಕ್ಕೆ ಬರುತ್ತಾರೆ. ಒಬ್ಬ ಹೊಟ್ಟೆಗೆ ಗುದ್ದುತ್ತಾನೆ, ಇನ್ನೊಬ್ಬ ತಲೆಯನ್ನು ನೀರೊಳಗೆ ಅದುಮುತ್ತಾನೆ. ಅಷ್ಟು ಜನರ ನಡುವೆ ಒಬ್ಬನನ್ನು ಕೊಲ್ಲುತ್ತಿದ್ದಾರೆ. ನೋಡಿದವರಿಗೆ ಅದು ನೀರಾಟ. ಗೆರ್ಫೋ ಕೈಗೆ ಸಿಕ್ಕಿದ್ದನ್ನು ಹಿಂಡಿ, ಒದ್ದು, ಹೇಗೋ ಬಚಾವಾಗುತ್ತಾನೆ. ದಡಕ್ಕೆ ಬಂದವನು ಹೆಂಡತಿಗೆ ನಡೆದದ್ದನ್ನು ಹೇಳುವುದಿಲ್ಲ. ಪ್ಯಾರಿಸ್‌ಗೆ ಹೊರಟೇ ಬಿಡುತ್ತಾನೆ.

ಇಲ್ಲಿ ‘ಅವನು ಭಯದಿಂದ ತತ್ತರಿಸಿದ’ ಅಂತ ಮಾನ್‌ಶೆಟ್ ಬರೆಯಲಿಲ್ಲ. ಬರೆದಿದ್ದರೆ ನಿಮಗೆ ಸಮಾಧಾನ ಆಗುತ್ತಿತ್ತೋ ಏನೋ. ನನಗಂತೂ ಆ ಮೌನವೇ ಹೆದರಿಕೆ ಹುಟ್ಟಿಸಿತು. ಹೆಂಡತಿ ಎದುರಿಗೇ ಇದ್ದಾಳೆ, ಹೇಳುವುದಕ್ಕೆ ಬಾಯಿ ಬರುವುದಿಲ್ಲ. ಅದೆಂಥ ಸಂಸಾರ, ಅದೆಂಥ ಬದುಕು ಅಂತ ಲೆಕ್ಕ ಹಾಕುವ ಕೆಲಸ ಓದುಗನದು.

ಒಂದು ಕಡೆ ಮಾತ್ರ ಮಾನ್‌ಶೆಟ್ ವಿವರಣೆ ಕೊಡುತ್ತಾನೆ. ಗೆರ್ಫೋ ಕುಡಿದು, ಮಾತ್ರೆ ನುಂಗಿ, ಜಾಝ್ ಕೇಳುತ್ತಾ ನಡುರಾತ್ರಿ ಪ್ಯಾರಿಸ್ಸಿನ ರಿಂಗ್ ರೋಡಿನಲ್ಲಿ ಸುಮ್ನೆ ಸುತ್ತು ಹೊಡೆಯುತ್ತಿರುತ್ತಾನಲ್ಲ, ಅದಕ್ಕೆ. ಕಾರಣ ಹುಡುಕುವುದಾದರೆ ಈ ಸಮಾಜದ ದುಡಿಮೆ-ಬಂಡವಾಳದ ಏರ್ಪಾಟಿನಲ್ಲಿ ಅವನು ಎಲ್ಲಿ ನಿಂತಿದ್ದಾನೆ ಅನ್ನುವುದರಲ್ಲಿ ಹುಡುಕಿ ಅನ್ನುತ್ತಾನೆ. ಕೊಲೆಗಾರರನ್ನು ಮುಗಿಸಿ, ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ಬದುಕಿ ಬಂದ ಮೇಲೂ ಅದೇ ಮನೆ, ಅದೇ ನೌಕರಿ, ಅದೇ ರಿಂಗ್ ರೋಡು. 1980ರಲ್ಲಿ ಈ ಕಥೆ ಸಿನಿಮಾ ಆಯಿತು. ಫ್ರೆಂಚ್ ನಟ ಅಲೈನ್ ದೆಲೋನ್ ಹೀರೊ. ಗೆರ್ಫೋ ಅಲ್ಲಿ ಪೋಕರ್ ಆಡುವ ಜೂಜುಗಾರನಾದ! ಫೈಲು ನೋಡುವ ಅಧಿಕಾರಿ ಹೀರೊ ಆಗುವುದು ಹೇಗೆ ಅಂತ ಅನ್ನಿಸಿರಬೇಕು. ಇಡೀ ಪುಸ್ತಕದ ಗುಟ್ಟು ಇದ್ದದ್ದು ಆ ಫೈಲಿನ ಮನುಷ್ಯನಲ್ಲೇ.

ಮಾನ್‌ಶೆಟ್ ಎಂಬ ಆಳಿನ ಬಗ್ಗೆಯೂ ಒಂದೆರಡು ಮಾತು. ಹುಟ್ಟಿದ್ದು 1942ರಲ್ಲಿ, ಮಾರ್ಸೇಲ್‌ನಲ್ಲಿ. ಬೆಳೆದದ್ದು ಪ್ಯಾರಿಸ್ ಪಕ್ಕದ ಮಲಕೋಫ್‌ನಲ್ಲಿ. ಅಲ್ಜೀರಿಯಾ ಯುದ್ಧದ ಕಾಲದಲ್ಲಿ ಎಡಪಂಥದ ಹುಡುಗ. ಸ್ವಲ್ಪ ದಿನ ನಿಮ್ಮ ಕಸುಬೂ ಮಾಡಿದ, ಮೇಷ್ಟ್ರೇ: ಇಂಗ್ಲೆಂಡಿನ ವೂಸ್ಟರ್‌ನಲ್ಲಿ ಅಂಧರ ಶಾಲೆಯೊಂದರಲ್ಲಿ ಫ್ರೆಂಚ್ ಪಾಠ. ಆಮೇಲೆ ಪೂರ್ತಿ ಬರವಣಿಗೆ. 1971ರಿಂದ 1981ರವರೆಗೆ, ಹತ್ತೇ ವರ್ಷದಲ್ಲಿ ಅವನ ಹೆಸರು ಉಳಿಸಿದ ಕಾದಂಬರಿಗಳೆಲ್ಲ ಬಂದವು. ಮೊರಾಕೊದ ವಿರೋಧ ಪಕ್ಷದ ನಾಯಕ ಬೆನ್ ಬರ್ಕಾನನ್ನು 1965ರಲ್ಲಿ ಪ್ಯಾರಿಸ್ಸಿನ ನಡುಬೀದಿಯಲ್ಲೇ ಎತ್ತಿಹಾಕಿಕೊಂಡು ಹೋದರು. ಹೆಣವೂ ಸಿಗಲಿಲ್ಲ. ಮಾನ್‌ಶೆಟ್ ಅದನ್ನು ಕಾದಂಬರಿ ಮಾಡಿದ. ಹೇಳುವವನು ನ್ಯಾಯಕ್ಕೆ ಹೋರಾಡುವ ಪತ್ರಕರ್ತ ಅಲ್ಲ, ಅಂಥದೇ ಅಪಹರಣಕ್ಕೆ ಕೈಜೋಡಿಸಿದ ಒಬ್ಬ ಪುಂಡ. ಟೇಪಿನಲ್ಲಿ ತನ್ನ ಕಥೆ ತಾನೇ ಕೊಚ್ಚಿಕೊಳ್ಳುತ್ತಾನೆ. ‘ನಾಡಾ’ ಎಂಬ ಇನ್ನೊಂದು ಕಾದಂಬರಿಯಲ್ಲಿ ಅಮೆರಿಕದ ರಾಯಭಾರಿಯನ್ನು ಅಪಹರಿಸುವ ಕ್ರಾಂತಿಕಾರಿಗಳಿದ್ದಾರೆ. ತಾನೇ ಎಡಪಂಥದವನಾಗಿಯೂ ಮಾನ್‌ಶೆಟ್ ಅವರನ್ನು ಹೊಗಳುವುದಿಲ್ಲ. ಅವರ ಹಿಂಸೆ, ಸರ್ಕಾರದ ಹಿಂಸೆ ಎರಡೂ ಒಂದೇ ಬೋನಿನ ಎರಡು ದವಡೆ ಅಂತ ಅವರಲ್ಲೇ ಒಬ್ಬನ ಬಾಯಲ್ಲಿ ಹೇಳಿಸುತ್ತಾನೆ. 1981ರ ‘ದಿ ಪ್ರೋನ್ ಗನ್‌ಮನ್’ನಲ್ಲಂತೂ ಬಾಡಿಗೆ ಕೊಲೆಗಾರನಿಗೆ ನಡುವೆ ಮಾತೇ ನಿಂತುಹೋಗುತ್ತದೆ. ಪಾತ್ರದ ಮನಸ್ಸಿನೊಳಗೆ ಇಳಿಯದೆ ಹೊರಗಿನಿಂದಲೇ ಬರೆಯುವ ಹಟ ಎಲ್ಲಿಗೆ ಮುಟ್ಟಿತು ನೋಡಿ!

ಈ ಹಟ ಅವನು ಕಲಿತದ್ದು ಅಮೆರಿಕದ ಪತ್ತೇದಾರಿ ಲೇಖಕ ಡ್ಯಾಶಿಯಲ್ ಹ್ಯಾಮೆಟ್‌ನಿಂದ. ಕೈ ಏನು ಮಾಡಿತು, ಕಣ್ಣು ಎಲ್ಲಿಗೆ ಹೋಯಿತು, ಬಾಯಿ ಏನಂದಿತು, ಅಷ್ಟೇ. ಒಂದು ಕೊಲೆ ಮಾಡಲು ಕೊಲೆಗಾರನಿಗೆ ಇಷ್ಟು ಸಾಕಾದರೆ, ಬರೆಯಲು ಲೇಖಕನಿಗೂ ಸಾಕು. 1981ರ ನಂತರ ಬದುಕಿರುವವರೆಗೆ ಹೊಸ ಕಾದಂಬರಿ ಹೊರಗೆ ಬರಲಿಲ್ಲ. ಅನುವಾದ ಮಾಡಿದ. ‘ವಾಚ್‌ಮೆನ್’ ಕಾಮಿಕ್ಸನ್ನು ಫ್ರೆಂಚಿಗೆ ತಂದವನೂ ಇವನೇ. 1995ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಬರೆಯುತ್ತಿದ್ದ ಕಾದಂಬರಿ ಅರ್ಧಕ್ಕೇ ನಿಂತಿತ್ತು.

ಇನ್ನು ‘ಇದು ಸಾಹಿತ್ಯವೇ’ ಅನ್ನುವ ಪ್ರಶ್ನೆ. ಫ್ರಾನ್ಸಿನ ಗಲಿಮಾರ್ ಪ್ರಕಾಶನ ಗೊತ್ತಲ್ಲ, ಸಾರ್ತ್ರ್, ಕಮೂ ಅಂಥ ದೊಡ್ಡ ಲೇಖಕರ ಪುಸ್ತಕಗಳೆಲ್ಲ ಅವರದೇ. 1945ರಲ್ಲಿ ಅದೇ ಸೂರಿನಡಿ ‘ಸೆರಿ ನ್ವಾರ್’ ಅಂತ ಅಪರಾಧ ಕಾದಂಬರಿಗಳ ಮಾಲೆ ಶುರು ಮಾಡಿದರು. ಮೊದಮೊದಲ ಪುಸ್ತಕಗಳಲ್ಲಿ ಜೇಮ್ಸ್ ಹ್ಯಾಡ್ಲಿ ಚೇಸ್ ಇದ್ದ. ಹೌದು, ನಾವು ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಕೊಂಡು ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದುತ್ತಿದ್ದ ಅದೇ ಚೇಸ್! ಮಾನ್‌ಶೆಟ್ ಬಂದದ್ದೂ ಆ ಮಾಲೆಯಲ್ಲೇ. 2005ರಲ್ಲಿ ಅವನ ಕಾದಂಬರಿಗಳನ್ನು ಅದೇ ಗಲಿಮಾರ್ ಒಂದು ದಪ್ಪ ಸಂಪುಟ ಮಾಡಿ ತಂದಿತು. ನಮ್ಮಲ್ಲಿ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಓದಿಯೇ ಎಷ್ಟೋ ಮನೆಗಳಿಗೆ ಪುಸ್ತಕದ ರುಚಿ ಹತ್ತಿತು. ಓದುವ ಚಟ ಹತ್ತಿಸಿದವರನ್ನು ವೇದಿಕೆಯ ಮೇಲೆ ನೆನೆಯಲು ನಮಗೆ ನಾಚಿಕೆ.

ನಮ್ಮ ಆಫೀಸಿಗೆ ಬರುವ ಕಥೆಗಳ ಕಟ್ಟನ್ನು ನೀವು ನೋಡಬೇಕು. ‘ಅವಳ ನೋವು ಹೇಳತೀರದಾಗಿತ್ತು’ ಅಂತ ಶುರು. ಹೇಳತೀರದ್ದನ್ನು ಎರಡು ಪುಟ ಹೇಳಿರುತ್ತಾರೆ. ಧಾರಾವಾಹಿಗಳಲ್ಲಿ ಅತ್ತೆ ಬಾಗಿಲು ತೆರೆದರೆ ಮೂರು ಸಲ ಗುಡುಗು. ನೋಡುವವನು ದಡ್ಡ ಅನ್ನುವ ಗಟ್ಟಿ ನಂಬಿಕೆ.

ಹಿಂದೊಮ್ಮೆ ಒಂದು ಕಥಾಸ್ಪರ್ಧೆಗೆ ತೀರ್ಪು ಕೊಡಲು ಕೂತಿದ್ದೆ. ಒಬ್ಬ ಹೊಸ ಹುಡುಗಿಯ ಕಥೆ. ಅಪ್ಪನ ತಿಥಿ ಮುಗಿದ ಮರುದಿನ ಮಗಳು ಬೀದಿ ಕೊನೆಯ ಅಂಗಡಿಗೆ ಹೋಗುತ್ತಾಳೆ. ಅಪ್ಪನ ಬೀಡಿಯ ಉದ್ರಿ ಎಷ್ಟಿದೆ ಅಂತ ಕೇಳುತ್ತಾಳೆ. ಅಂಗಡಿಯವನು ಪುಸ್ತಕ ತೆಗೆದು ಕೂಡುತ್ತಾನೆ. ಅವಳು ಚಿಲ್ಲರೆ ಎಣಿಸಿ ಕೊಟ್ಟು, ಆ ಹಾಳೆ ಹರಿದು ಕೊಡಿ ಅನ್ನುತ್ತಾಳೆ. ಕಥೆ ಅಷ್ಟೇ. ನಾನು ಇದಕ್ಕೇ ಬಹುಮಾನ ಅಂದೆ. ಜೊತೆಗಿದ್ದ ಹಿರಿಯರೊಬ್ಬರು ‘ಈ ಹುಡುಗಿಗೆ ದುಃಖವೇ ಆಗಲಿಲ್ವಾ? ಭಾವನೆ ಕಮ್ಮಿ ಆಯ್ತು’ ಅಂದರು. ಬಹುಮಾನ ಇನ್ನೊಂದು ಕಥೆಗೆ ಹೋಯಿತು. ಅದರಲ್ಲಿ ಮಳೆ, ಕಣ್ಣೀರು ಎರಡೂ ಧಾರಾಳವಾಗಿದ್ದವು. ಆ ಹುಡುಗಿಯ ಇನ್ನೊಂದು ಕಥೆ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಎಲ್ಲಾದರೂ ಬರೆಯುತ್ತಿದ್ದರೆ, ಇದನ್ನು ಓದಿದರೆ, ದಯವಿಟ್ಟು ನಮಗೆ ಕಳಿಸಲಿ.

ಮೇಷ್ಟ್ರೇ, ಪುಸ್ತಕ ವಾಪಸ್ ಕೊಟ್ಟಿಲ್ಲದಿದ್ದರೆ ಸಮುದ್ರದ ಆ ಭಾಗ ಇನ್ನೊಮ್ಮೆ ಓದಿ. ಗುಂಡು-ರಕ್ತ ಬಿಡಿ, ಹೆಂಡತಿ ಮುಂದೆ ಅವನು ಏನು ಹೇಳುತ್ತಾನೆ, ಏನು ಬಿಡುತ್ತಾನೆ, ಅದನ್ನಷ್ಟೇ ನೋಡಿ. ಹಿಡಿಸಿದರೆ ಆಮೇಲೆ ‘ನಾಡಾ’ ತರಿಸಿ. ಹಿಡಿಸದಿದ್ದರೆ ಮತ್ತೆ ಬೈದು ಬರೆಯಿರಿ, ಹಾಕುತ್ತೇವೆ.