ಮೇಣದ ಕೆಳಗೆ ಬಣ್ಣ ನುಗ್ಗಿದರೆ

ಬಾಟಿಕ್ (ಬಟ್ಟೆಗೆ ಮೇಣದಲ್ಲಿ ಚಿತ್ರ ಬರೆದು, ಮೇಣ ಇದ್ದಲ್ಲಿ ಬಣ್ಣ ಹಿಡಿಯದ ಹಾಗೆ ಬಣ್ಣದಲ್ಲಿ ಅದ್ದುವ ಕಲೆ) ಮಾಡುವಾಗ ಮೇಣ ಹಚ್ಚಿದ ಕಡೆಯೂ ಬಣ್ಣ ನುಗ್ಗಿ ಬಿಳಿ ಹೂವೆಲ್ಲ ನೀಲಿಯಾಯಿತು, ಮೇಣ ಒಡೆದಲ್ಲಿ ಬಣ್ಣ ಇಳಿದು ಮೂಡುವ ಬಿರುಕಿನ ಗೆರೆಯೂ ಬರಲಿಲ್ಲ ಅಂತ ಕೇಳಿದ್ದೀರಿ. ಬಟ್ಟೆ ತಿರುಗಿಸಿ ಹಿಂಬದಿ ನೋಡಿದ್ರಾ? ಮೇಣ ಅಲ್ಲಿಯವರೆಗೂ ಇಳಿದಿರಬೇಕು. ಸರಿಯಾಗಿ ಬಿಸಿಯಿದ್ದರೆ ಹಚ್ಚಿದ ಜಾಗ ಎಣ್ಣೆ ಬಿದ್ದ ಕಾಗದದ ಹಾಗೆ ಕಾಣುತ್ತದೆ. ಬೆಳ್ಳಗೆ ಮೇಲೇ ಕೂತರೆ ಮೇಣ ಆರಿದೆ ಅಂತ ಅರ್ಥ.

ಹೊಸ ಕಾಟನ್ನಿನಲ್ಲಿ ಗಂಜಿ ಇರುತ್ತದೆ, ಅದು ಮೇಣವನ್ನು ಒಳಗೆ ಇಳಿಯಲು ಬಿಡುವುದಿಲ್ಲ, ಮೊದಲು ಬಿಸಿನೀರಲ್ಲಿ ಒಗೆಯಿರಿ. ಬಣ್ಣ ಮಾತ್ರ ತಣ್ಣೀರಿನದೇ ಇರಲಿ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಬಿಸಿ ಬಣ್ಣದಲ್ಲಿ ಅದ್ದಿದರೆ ಕಥೆ ಮುಗೀತು.

ಬಿರುಕಿನ ಗೆರೆ ಬೇಕಾದರೆ ಮೇಣಕ್ಕೆ ಪ್ಯಾರಾಫಿನ್ (ಮೇಣದಬತ್ತಿಯ ಮೇಣ) ಜಾಸ್ತಿ ಹಾಕಿ. ಜೇನುಮೇಣ ಬಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಆದರೆ ನಮ್ಮ ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಪ್ಯಾರಾಫಿನ್ನೂ ಮೆತ್ತಗಾಗುತ್ತದೆ, ಅಲ್ವಾ? ನಾನು ಬಟ್ಟೆಯನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ಆಮೇಲೆ ಮುದುಡುತ್ತೇನೆ. ಹಪ್ಪಳ ಮುರಿದ ಹಾಗೆ ಸಣ್ಣ ಸದ್ದು ಬರುತ್ತದೆ. (ಮೊಸರಿನ ಪಾತ್ರೆ ಪಕ್ಕ ಇಟ್ಟು ಮನೆಯಲ್ಲಿ ಬೈಸಿಕೊಂಡಿದ್ದೂ ಇದೆ.)

ಮೇಣವನ್ನು ನೇರ ಉರಿಗೆ ಇಡಬೇಡಿ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ, ಸ್ಟವ್ ಆರಿಸಿ ಮುಚ್ಚಳ ಮುಚ್ಚಿ.