ಜೂನ್‌ನಾಗ ಕಾರವಾರಕ್ಕೆ ಹೋಗಬ್ಯಾಡ್ರಿ

ಕರ್ನಾಟಕ, ಗೋವಾ ಸರ್ಕಾರಗಳು ಕೂಡಿ ಸಮುದ್ರ ಉಳಿಸಲು ಎಂಥ ಒಪ್ಪಂದ ಬೇಕು ಅಂತ ಪ್ರಬಂಧ ಬರೆಯೋದು, ಅದಕ್ಕ ಜೂನ್ ರಜೆಯಲ್ಲಿ ಧಾರವಾಡದಿಂದ ಕಾರವಾರಕ್ಕೆ ಹೋಗಿ ಬಂದರೆ ಸಾಕೇ ಅಂತ ಕೇಳೀರಿ. ನಾನು 2018ರಲ್ಲಿ ಇದನ್ನೇ ಮಾಡಿದ್ದೆ.

ಅರೆಬೈಲು ಘಟ್ಟ ಇಳಿದು ಕಾರವಾರದ ಬೈತಖೋಲ್ ಮೀನುಗಾರಿಕೆ ಬಂದರಿಗೆ ಹೋದರೆ, ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಮೇಲೆ ನೀಲಿ ತಾಡಪಾಲು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ನನಗದು ಗೊತ್ತಿತ್ತು. ಬಂದ್ ಬಗ್ಗೆ ಬರೆಯುವವನು ಬಂದ್ ಇದ್ದಾಗಲೇ ಹೋಗಬೇಕು ಅಂದುಕೊಂಡೆ. ಎಡವಿದ್ದೇ ಅಲ್ಲಿ. ಬೋಟಿನಲ್ಲಿ ದುಡಿಯುವ ಖಲಾಸಿಗಳೆಲ್ಲ ಒಡಿಶಾ, ಜಾರ್ಖಂಡ್ ಕಡೆ ತಮ್ಮೂರಿಗೆ ಹೋಗಿದ್ದರು. ಸಿಕ್ಕವರು ಬೋಟ್ ಮಾಲೀಕರು. ಹದಿನೆಂಟು ದಿನ ಅವರ ಜಗುಲಿಯಲ್ಲಿ ಚಹಾ ಕುಡಿದು, 'ಗೋವಾದವರು ನಮ್ಮ ಬೋಟ್ ಹಿಡೀತಾರೆ' ಅನ್ನುವುದನ್ನೇ ಪುಟಗಟ್ಟಲೆ ಬರೆದುಕೊಂಡೆ. ರಾತ್ರಿ ಬಲೆ ಎಳೆದ ಒಬ್ಬನನ್ನೂ ಮಾತಾಡಿಸಲಿಲ್ಲ. ನಾಡದೋಣಿಯವರು ಆಗಲೂ ದಡದ ಹತ್ತಿರ ಬಲೆ ಬಿಡುತ್ತಿದ್ದರು, ಕಣ್ಣೆದುರೇ ಇದ್ದರು. ಸರ್ಕಾರಗಳ ಒಪ್ಪಂದ ಇವರಿಗೇನು ಗೊತ್ತು ಅಂತ ಅವರನ್ನೂ ಬಿಟ್ಟೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ: 'ಕಡಲ ಮ್ಯಾಲೆ ಇದ್ದವರ ಮಾತು ಇದರಾಗ ಎಲ್ಲೈತಿ?' ಬಾಯಿ ಕಟ್ಟಿತು. ಒಂದು ವರ್ಷ ಹೋಯಿತು.

ಅಕ್ಟೋಬರ್‌ನಲ್ಲಿ ಮತ್ತೆ ಹೋದಾಗ ನಾಡದೋಣಿಯ ಅಜ್ಜರೊಬ್ಬರು ಬೆರಳುದ್ದದ ಬಂಗಡೆ ಮರಿ ನನ್ನ ಅಂಗೈಲಿಟ್ಟು, 'ಲೈಟ್ ಹಚ್ಚಿದ್ರೆ ದೊಡ್ಡದು ಸಣ್ಣದು ಅಂತ ಇಲ್ಲ, ಎಲ್ಲಾ ಬರ್ತದೆ' ಅಂದರು. ರಾತ್ರಿ ಎಲ್‌ಇಡಿ ದೀಪ ಹಚ್ಚಿ ಮೀನು ಸೆಳೆದು ಹಿಡಿಯುವ ಆ ಲೈಟ್ ಮೀನುಗಾರಿಕೆಯನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ.

ಹಾಗಾಗಿ ಎಂಥ ಒಪ್ಪಂದ ಬೇಕು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ರಾಜ್ಯಕ್ಕೆ ಅದೇ 61 ದಿನದ ಬಂದ್, ಅದೇ ಲೈಟ್ ನಿಷೇಧ. ಕಾಗದಕ್ಕೇನೂ ಬರವಿಲ್ಲ. ಆದರೆ ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಆಚೆ ಲೈಟ್ ಹಚ್ಚಿ ಹಿಡಿದ ಮೀನು ಈಚೆ ಯಾವ ಬಂದರಿನಲ್ಲಿ ಇಳಿಯುತ್ತದೆ, ಅಲ್ಲಿ ಪೆಟ್ಟಿಗೆ ತೆಗೆದು ನೋಡುವವರು ಯಾರು, ಕಾರವಾರದವರು ಕಂಡದ್ದನ್ನು ಗೋವಾದವರಿಗೆ ಅದೇ ರಾತ್ರಿ ತಿಳಿಸುತ್ತಾರೋ ಇಲ್ಲವೋ? ಬರೆಯುವುದಾದರೆ ಇದನ್ನು ಬರೀರಿ.

ಕಾರವಾರಕ್ಕೆ ಸೆಪ್ಟೆಂಬರ್ ಆದಮೇಲೆ ಹೋಗ್ರಿ. ಅದಕ್ಕೂ ಮೊದಲು ಒಂದು ಮುಂಜಾನೆ ಅಳತೆಪಟ್ಟಿ ಹಿಡಿದು ಹುಬ್ಬಳ್ಳಿ ಮೀನು ಮಾರ್ಕೆಟ್ಟಿಗೆ ಹೋಗಿ, ಥರ್ಮಾಕೋಲ್ ಪೆಟ್ಟಿಗೆಯ ತಳದಲ್ಲಿರುವ ಬಂಗಡೆ ಅಳೆಯಿರಿ. ಯಾವ ಬಂದರಿನ ಮಾಲು ಅಂತ ಮಾರುವ ಅಕ್ಕಂದಿರನ್ನ ಕೇಳ್ರಿ.